ಕೂಡಿ ಹೇಳುವ ಪ್ರಾರ್ಥನೆ: ಅಮೆರಿಕದಲ್ಲಿರುವ ನಮ್ಮ ಕರಾವಳಿಯ ಕ್ರೈಸ್ತ ಮನೆಗಳು ಮತ್ತು ಡಿಜಿಟಲ್ ಮಾಧ್ಯಮ

ಇಲ್ಲಿನ ಚರ್ಚುಗಳಲ್ಲಿ ತಂದೆತಾಯಂದಿರ ಓದುಕೂಟಗಳಿಗೆ ಹೋಗಿಬಂದವರಿಗೆ ಆಂಡಿ ಕ್ರೌಚ್ ಅವರ ‘ದ ಟೆಕ್-ವೈಸ್ ಫ್ಯಾಮಿಲಿ’ ಪರಿಚಿತ ಪುಸ್ತಕ. 2017ರಲ್ಲಿ ಪ್ರಕಟವಾದ ಈ ಸಣ್ಣ ಪುಸ್ತಕ ಡಿಜಿಟಲ್ ಸಾಧನಗಳ ನಡುವೆ ಬದುಕುವ ಕ್ರೈಸ್ತ ಕುಟುಂಬಕ್ಕೆ ಹತ್ತು ನಿಯಮಗಳನ್ನು ಹೇಳುತ್ತದೆ. ದಿನಕ್ಕೊಂದು ಗಂಟೆ, ವಾರಕ್ಕೊಂದು ದಿನ, ವರ್ಷಕ್ಕೊಂದು ವಾರ ಎಲ್ಲ ಸಾಧನಗಳನ್ನೂ ಆರಿಸಿಡಬೇಕು. ರಾತ್ರಿ ನಮಗಿಂತ ಮೊದಲು ಫೋನು ಮಲಗಬೇಕು, ಬೆಳಿಗ್ಗೆ ನಾವು ಎದ್ದ ಮೇಲೆ ಅದು ಏಳಬೇಕು. ಮಕ್ಕಳಿಗೆ ಹತ್ತು ವರ್ಷ ತುಂಬುವ ತನಕ ಸ್ಕ್ರೀನು ಬೇಡ. ಕಾರಿನಲ್ಲಿ ಹೋಗುವ ಹೊತ್ತು ಮಾತುಕತೆಗೆ ಮೀಸಲು. ರೆಕಾರ್ಡಾದ ಸಂಗೀತಕ್ಕೆ ಮನೆಯನ್ನು ಬಿಟ್ಟುಕೊಡದೆ ಎಲ್ಲರೂ ಕೂಡಿ ಹಾಡಲು ಕಲಿಯಬೇಕು. ಹತ್ತನೆಯದು, ಬದುಕಿನ ದೊಡ್ಡ ಘಟನೆಗಳಿಗೆ ಖುದ್ದಾಗಿ ಹಾಜರಿರಬೇಕು.

ಇವುಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುತ್ತೇನೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹಾಪತ್ರವೂ ಬಹುಮಟ್ಟಿಗೆ ಇದೇ ದಾರಿಯದು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಿಗೆ ಖಿನ್ನತೆ, ಆತಂಕಗಳ ಅಪಾಯ ಇಮ್ಮಡಿ ಎಂಬ ಸಂಶೋಧನೆಯನ್ನು ಅದು ಎತ್ತಿ ಹೇಳಿತು. ಮನೆಯಲ್ಲಿ ಫೋನಿಲ್ಲದ ಜಾಗ, ಫೋನಿಲ್ಲದ ಹೊತ್ತು ಇರಲಿ ಎಂದಿತು. ಮಕ್ಕಳ ವಿಷಯದಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ‘ಕುಟುಂಬ’ ಎಂಬ ಮಾತಿನ ಬಗ್ಗೆ. ಕ್ರೌಚ್ ಅವರ ಪುಸ್ತಕದ ಕುಟುಂಬ ಒಂದು ಸೂರಿನ ಕೆಳಗೆ ಇರುತ್ತದೆ. ಅಲ್ಲಿ ಫೋನು ಆರಿಸಿದರೆ ಮನೆಯವರು ಒಬ್ಬರಿಗೊಬ್ಬರು ಸಿಗುತ್ತಾರೆ. ನಮ್ಮಲ್ಲಿ ಫೋನು ಆರಿಸಿದರೆ ಮನೆಯ ಅರ್ಧ ಜನ ಹೊರಗೆ ಉಳಿಯುತ್ತಾರೆ.

‘ನಮ್ಮಲ್ಲಿ’ ಎಂದದ್ದು ಯಾರ ಬಗ್ಗೆ ಎಂದು ಹೇಳಬೇಕು. ನಾನು ಉಡುಪಿಯ ಕಡೆಯ, ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟ್ ಮನೆಯವಳು. ನನ್ನ ಗಂಡನದು ಮಂಗಳೂರಿನ ಕೊಂಕಣಿ ಕಥೋಲಿಕರ ಮನೆ. ವಾಷಿಂಗ್ಟನ್ ಬಳಿಯ ಮೇರಿಲ್ಯಾಂಡಿನಲ್ಲಿ ಆರು ವರ್ಷ ಇದ್ದು ಈಗ ನಾರ್ತ್ ಕ್ಯಾರೊಲಿನಾದ ಕೇರಿಯಲ್ಲಿದ್ದೇವೆ. ನಾದಿನಿಯ ಸಂಸಾರ ಅಟ್ಲಾಂಟಾದ ಹೊರವಲಯದಲ್ಲಿದೆ. ಮುಂದೆ ಬರೆಯುವುದು ಈ ಮೂರೂ ಕಡೆಯ ಪರಿಚಯದ ಮನೆಗಳಲ್ಲಿ ಕಂಡದ್ದು, ಸಮೀಕ್ಷೆಯಲ್ಲ.

2012ರ ಪ್ಯೂ ಸಂಶೋಧನಾ ಕೇಂದ್ರದ ವರದಿಯ ಪ್ರಕಾರ ಅಮೆರಿಕದಲ್ಲಿರುವ ಭಾರತೀಯ ಮೂಲದವರಲ್ಲಿ ಶೇ. 18ರಷ್ಟು ಜನ ಕ್ರೈಸ್ತರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರ ಪಾಲು ಶೇ. 1.87. ಮೊದಲ ಅಂಕಿ ನೋಡಿ ನಾವು ಇಲ್ಲಿ ಬಹಳ ಜನ ಇದ್ದೇವೆಂದು ಭಾವಿಸಬಾರದು. ಮಲಯಾಳಿಗಳಿಗೆ ಮಾರ್ತೋಮ, ಸಿರೋ ಮಲಬಾರ್ ಸಭೆಗಳಿವೆ. ತೆಲುಗರು, ತಮಿಳರು ತಮ್ಮ ಭಾಷೆಯಲ್ಲಿ ಆರಾಧನೆ ಮಾಡುವಷ್ಟು ಜನ ಸೇರುತ್ತಾರೆ. ಕೊರಿಯನ್ನರ ಮಾತಂತೂ ಬೇರೆಯೇ. ವರ್ಜೀನಿಯಾದ ಆನಂಡೇಲ್, ಅಟ್ಲಾಂಟಾ ಬಳಿಯ ಡುಲೂತ್ ಕಡೆ ಹೋದರೆ ಕೊರಿಯನ್ ಅಕ್ಷರದ ಚರ್ಚ್ ಬೋರ್ಡುಗಳು ಸಾಲುಸಾಲಾಗಿ ಕಾಣುತ್ತವೆ. ಅಲ್ಲಿ ಭಾಷೆ, ಭಕ್ತಿ, ಭಾನುವಾರದ ಊಟ ಎಲ್ಲ ಒಂದೇ ಕಟ್ಟಡದಲ್ಲಿ ನಡೆಯುತ್ತದೆ. ಅಂಥ ಮನೆಯ ಮಗುವಿನ ಕೈಯಿಂದ ಫೋನು ಕಸಿದರೆ ಮಗು ಕಳೆದುಕೊಳ್ಳುವುದು ಆಟವನ್ನು ಮಾತ್ರ. ಕನ್ನಡ, ಕೊಂಕಣಿ, ತುಳು ಮಾತಾಡುವ ಕ್ರೈಸ್ತರು ಇಲ್ಲಿ ಚದುರಿ ಹೋಗಿದ್ದೇವೆ. ಭಾನುವಾರ ಅಮೆರಿಕನ್ ಚರ್ಚಿಗೆ ಹೋಗುತ್ತೇವೆ, ದೀಪಾವಳಿಗೆ ಯುಗಾದಿಗೆ ಕನ್ನಡ ಕೂಟಕ್ಕೆ ಬರುತ್ತೇವೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಬೆಸಿಲಿಕಾದಲ್ಲಿ 1997ರಲ್ಲಿ ಪ್ರತಿಷ್ಠೆಯಾದ ವೇಲಾಂಕಣ್ಣಿ ಮಾತೆಯ ಪುಟ್ಟ ಆರಾಧನಾ ಮಂದಿರವಿದೆ. ಅಲ್ಲಿಗೆ ವರ್ಷಕ್ಕೊಮ್ಮೆ ಭಾರತೀಯ ಕಥೋಲಿಕರು ಯಾತ್ರೆ ಹೋಗುತ್ತಾರೆ, ನಾವೂ ಹೋಗಿದ್ದೇವೆ. ಅದು ವರ್ಷದಲ್ಲಿ ಒಂದು ದಿನ. ಮಿಕ್ಕ ದಿನಗಳಲ್ಲಿ ನಮ್ಮ ಭಾಷೆಯ ಭಕ್ತಿಗೆ ಇರುವ ಕಟ್ಟಡ ಅಂದರೆ ಫೋನೇ.

ಆ ಕಟ್ಟಡದ ಬಾಗಿಲು ತೆರೆಯುವ ಹೊತ್ತು ಕೂಡ ನಮ್ಮ ಕೈಯಲ್ಲಿಲ್ಲ. ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಂಜೆ ‘ತೇರ್ಸ್’ ಹೇಳುವ ರೂಢಿಯಿದೆ. ಜಪಮಾಲೆಯ ಮಣಿ ಎಣಿಸುತ್ತ ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಿದರೆ ಉಳಿದವರು ಉತ್ತರಾರ್ಧ ಹೇಳುತ್ತಾರೆ. ಅತ್ತೆಯ ಮನೆಯಲ್ಲಿ ಇದು ಏಳೂವರೆಗೆ. ಅಲ್ಲಿ ಏಳೂವರೆ ಎಂದರೆ ನಮ್ಮಲ್ಲಿ ಬೇಸಿಗೆಯಲ್ಲಿ ಬೆಳಗಿನ ಹತ್ತು, ಚಳಿಗಾಲದಲ್ಲಿ ಒಂಬತ್ತು. ವಾರದ ದಿನ ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿ, ನಾವು ಕೆಲಸದಲ್ಲಿ. ಉಳಿಯುವುದು ಶನಿವಾರ ಮತ್ತು ಭಾನುವಾರ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿನ ಚರ್ಚಿನ ಪೂಜೆ. ಹಾಗಾಗಿ ಬೇಸಿಗೆಯಲ್ಲಿ ಊರಿನ ಪ್ರಾರ್ಥನೆಗೂ ಇಲ್ಲಿನ ಪೂಜೆಗೂ ನೇರ ಜಗಳ. ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಒಂದು ಗಂಟೆ ಸಿಗುತ್ತದೆ, ಎರಡೂ ನಡೆಯುತ್ತವೆ. ಗಂಡನ ತಮ್ಮ ದುಬೈಯಲ್ಲಿದ್ದಾರೆ. ಅಲ್ಲಿ ವಾಟ್ಸಾಪ್ ಕರೆಗೆ ಅವಕಾಶವಿಲ್ಲ, ಅನುಮತಿ ಪಡೆದ ಬೇರೆ ಆ್ಯಪ್ ಬೇಕು. ಒಬ್ಬರಿಗಾಗಿ ಎಲ್ಲರೂ ಆ್ಯಪ್ ಬದಲಿಸಬೇಕು, ಎಪ್ಪತ್ತೆಂಟು ವರ್ಷದ ಅತ್ತೆಯೂ ಸೇರಿ. ದಿನಕ್ಕೊಂದು ಗಂಟೆ ಫೋನು ಆರಿಸಿ ಎನ್ನುವ ನಿಯಮ ನಮ್ಮ ಮನೆಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಯಾರ ಗಂಟೆ ಎಂಬುದು.

ಇಷ್ಟಕ್ಕೂ ಕ್ರೈಸ್ತ ಕುಟುಂಬ ಮಾಧ್ಯಮವಿಲ್ಲದೆ ಶುದ್ಧವಾಗಿದ್ದ ಕಾಲವೊಂದಿತ್ತು, ಸ್ಕ್ರೀನು ಬಂದು ಕೆಡಿಸಿತು ಎಂಬ ನಂಬಿಕೆಯನ್ನು ನಮ್ಮ ಕರಾವಳಿಯ ಚರಿತ್ರೆಯೇ ಒಪ್ಪುವುದಿಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಏಳು ವರ್ಷದಲ್ಲಿ, 1841ಕ್ಕೆ, ಮುದ್ರಣಾಲಯ ಶುರುವಾಯಿತು. ಹೆರ್ಮನ್ ಮೋಗ್ಲಿಂಗ್ 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ನಮ್ಮೆಲ್ಲರಿಗೂ ಗೊತ್ತು. ಕಿಟೆಲ್ ಎಂದರೆ ನಮಗೆ 1894ರ ನಿಘಂಟು. ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದ ‘ಕಥಾಮಾಲೆ’ಯನ್ನು ಅವರು ಅದಕ್ಕೂ ಮೂವತ್ತೆರಡು ವರ್ಷ ಮೊದಲು, 1862ರಲ್ಲಿ ಪ್ರಕಟಿಸಿದ್ದರು. ಅಳಿಯಕಟ್ಟಿನಲ್ಲಿ ಬೆಳೆದ ಬಿಲ್ಲವ ಮನೆಗಳಿಂದ ಬಂದ ಮೊದಲ ತಲೆಮಾರಿನ ಕ್ರೈಸ್ತರಿಗೆ, ಅಪ್ಪ ಅಮ್ಮ ಮಕ್ಕಳು ದೀಪದ ಸುತ್ತ ಕೂತು ಅಚ್ಚಾದ ಪುಸ್ತಕದಿಂದ ಓದಿ ಪ್ರಾರ್ಥಿಸುವ ‘ಕುಟುಂಬ’ ಹೊಸ ವಿಷಯವಾಗಿತ್ತು. ನಾವು ಇವತ್ತು ಸಂಪ್ರದಾಯ ಎನ್ನುವ ಕುಟುಂಬ ಪ್ರಾರ್ಥನೆ ಅಚ್ಚಿನ ಮೊಳೆಗಳ ಜೊತೆ ಬಂದದ್ದು.

ಆ ಮಿಷನರಿಗಳ ಸ್ವಂತ ಕುಟುಂಬಗಳ ಕಥೆ ಇನ್ನೂ ಕಷ್ಟದ್ದು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸಿಬಿಡುವುದು ಅವರ ಪದ್ಧತಿ. ಅದಕ್ಕೆಂದೇ ಬಾಸೆಲ್‌ನಲ್ಲಿ ಮಕ್ಕಳ ಮನೆ ನಡೆಯುತ್ತಿತ್ತು. ಹೆರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮರಳಿದರು. ಅವಳು ಮತ್ತೆ ಅವರನ್ನು ಸೇರಿದ್ದು ಹದಿಹರೆಯದಲ್ಲಿ. ಕಾದಂಬರಿಕಾರ ಹೆರ್ಮನ್ ಹೆಸ್ಸೆ ಈ ಮರೀಯ ಮಗ. ನಡುವಿನ ವರ್ಷಗಳಲ್ಲಿ ಆ ಮನೆ ‘ಕುಟುಂಬ’ವಾಗಿ ಉಳಿದದ್ದು ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗುತ್ತಿದ್ದ ಕಾಗದಗಳಲ್ಲಿ. ಮಗು ಬರೆದ ಕಾಗದ ತಲುಪುವಷ್ಟರಲ್ಲಿ ಮಗುವಿನ ಅಕ್ಷರವೇ ಬದಲಾಗಿರುತ್ತಿತ್ತೇನೋ! ಮುಂದೆ ನಮ್ಮವರೇ ಕುವೈತ್, ದುಬೈಗೆ ಹೋದಾಗ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಕ್ಯಾಸೆಟ್ ಮುಗಿಯುವ ಮುಂಚೆ ಒಂದು ಪ್ರಾರ್ಥನೆಯೂ ಇರುತ್ತಿತ್ತು. ಕೇಳುತ್ತಿದ್ದವರು ಟೇಪ್ ರೆಕಾರ್ಡರಿಗೆ ‘ಆಮೆನ್’ ಎನ್ನುತ್ತಿದ್ದರು.

ನಮ್ಮಂಥ ಮನೆಗಳನ್ನು ಅರ್ಥ ಮಾಡಿಕೊಳ್ಳಲು ಕ್ರೌಚ್ ಪುಸ್ತಕಕ್ಕಿಂತ ಮಿರ್ಕಾ ಮಡಿಯಾನು ಮತ್ತು ಡೇನಿಯಲ್ ಮಿಲ್ಲರ್ ಅವರ ‘ಮೈಗ್ರೇಶನ್ ಆ್ಯಂಡ್ ನ್ಯೂ ಮೀಡಿಯಾ’ ಹೆಚ್ಚು ಉಪಯುಕ್ತ. 2012ರ ಈ ಪುಸ್ತಕ ಇಂಗ್ಲೆಂಡಿನಲ್ಲಿ ದುಡಿಯುವ ಫಿಲಿಪಿನೊ ತಾಯಂದಿರು ಮತ್ತು ಊರಿನಲ್ಲಿ ಉಳಿದ ಅವರ ಮಕ್ಕಳ ನಡುವಿನ ಸಂಪರ್ಕವನ್ನು ಕುರಿತದ್ದು. ಫಿಲಿಪೀನ್ಸ್ ಬಹುಪಾಲು ಕಥೋಲಿಕ ದೇಶ, ಹಾಗಾಗಿ ನಮ್ಮ ಕರಾವಳಿಯವರಿಗೆ ಅದು ನೆರೆಮನೆಯ ಕಥೆಯಂತೆ ಕೇಳಿಸುತ್ತದೆ. ಅವರು ಕೊಟ್ಟ ಪದ ‘ಪಾಲಿಮೀಡಿಯಾ’. ಹಿಂದೆ ಕರೆ ದುಬಾರಿ. ಫೋನು ಮಾಡದಿದ್ದರೆ ‘ದುಡ್ಡಿರಲಿಲ್ಲ’ ಎಂಬ ಕಾರಣ ಸಿಗುತ್ತಿತ್ತು. ಈಗ ಹತ್ತು ದಾರಿಗಳಿವೆ, ಎಲ್ಲವೂ ಹೆಚ್ಚುಕಡಿಮೆ ಪುಕ್ಕಟೆ. ಆದ್ದರಿಂದ ಯಾವ ದಾರಿ ಆರಿಸಿದೆವು ಎಂಬುದೇ ನಡತೆಯ ಪ್ರಶ್ನೆಯಾಗುತ್ತದೆ. ವಿಡಿಯೊ ಕರೆ ಮಾಡಬಹುದಾಗಿದ್ದಾಗ ಬರೀ ಮೆಸೇಜು ಯಾಕೆ ಹಾಕಿದೆ ಎಂದು ಕೇಳಬಹುದು, ಕೇಳುತ್ತಾರೆ ಕೂಡ. ಅವರು ಕಂಡ ಇನ್ನೊಂದು ವಿಷಯ: ಹೊಸ ಮಾಧ್ಯಮಗಳಿಂದ ತಾಯಂದಿರಿಗೆ ತಾವು ಮತ್ತೆ ತಾಯಿಯಾದಂತೆ ಅನಿಸಿದರೆ, ಮಕ್ಕಳ ಮನಸ್ಸು ಅಷ್ಟು ಸರಳವಾಗಿರಲಿಲ್ಲ. ಕೆಲವರಿಗೆ ಅದು ಹತ್ತಿರವಾಗುವ ದಾರಿ, ಕೆಲವರಿಗೆ ದೂರದಿಂದ ಬಿಡದ ಕಣ್ಗಾವಲು. ನಮ್ಮಲ್ಲಿ ವಲಸೆ ಹೋದವರು ನಡುವಯಸ್ಸಿನವರು, ಉಳಿದವರು ಹಿರಿಯರು. ಕಣ್ಗಾವಲು ಅನುಭವಿಸುವವರು ಮೊಮ್ಮಕ್ಕಳು. ಅಜ್ಜಿಗೆ ಮೊಮ್ಮಗು ಕಂಡರೆ ಸಾಕು. ಮೊಮ್ಮಗುವಿಗೆ ತನ್ನನ್ನು ಪ್ರದರ್ಶನಕ್ಕೆ ಕೂರಿಸಿದ್ದಾರೆ ಅನಿಸುತ್ತದೆ.

ಈಗ ನಿಜವಾದ ನಷ್ಟದ ಮಾತು. ಅದು ಸ್ಕ್ರೀನಿನ ಮುಂದೆ ಕಳೆದ ಗಂಟೆಗಳ ಲೆಕ್ಕದಲ್ಲಿಲ್ಲ. ನಮ್ಮ ಭಕ್ತಿ ಎದುರುಬದುರು ದನಿಯಲ್ಲಿ ನಿಂತಿದೆ, ಡಿಜಿಟಲ್ ಮಾಧ್ಯಮ ಮೊದಲು ಮುರಿಯುವುದು ಅದನ್ನೇ. 2020ರ ಮಾರ್ಚಿನಲ್ಲಿ ಚರ್ಚುಗಳು ಮುಚ್ಚಿದಾಗ ನನ್ನ ತವರಿನವರೆಲ್ಲ ಝೂಮ್‌ನಲ್ಲಿ ಸೇರಿದೆವು. ಉಡುಪಿ, ಧಾರವಾಡ, ಬೆಂಗಳೂರು, ಸ್ಟುಟ್‌ಗಾರ್ಟ್, ಕೇರಿ. ಪ್ರಾರ್ಥನೆ ಚೆನ್ನಾಗಿಯೇ ಆಯಿತು. ಆಮೇಲೆ ಒಂದು ಕೀರ್ತನೆ ಎತ್ತಿಕೊಂಡೆವು. ಬಾಸೆಲ್ ಮಿಷನ್ ಸಭೆಗಳಲ್ಲಿ ಜರ್ಮನ್ ರಾಗದ ಹಾಡುಗಳನ್ನು ನಾಲ್ಕು ಸ್ವರದಲ್ಲಿ ಹಾಡುವ ಅಭ್ಯಾಸ ನಮಗೆ. ಮೊದಲ ಸಾಲಿಗೇ ಎಲ್ಲವೂ ಚೆಲ್ಲಾಪಿಲ್ಲಿ. ದನಿ ಒಂದು ಊರಿಂದ ಇನ್ನೊಂದು ಊರಿಗೆ ತಲುಪಲು ತೆಗೆದುಕೊಳ್ಳುವ ಕ್ಷಣಮಾತ್ರದ ತಡ ಮಾತಿಗೆ ಅಡ್ಡಿಯಲ್ಲ. ಕೂಡಿ ಹಾಡುವುದಕ್ಕೆ ಮಾತ್ರ ಅದು ಸಾಕುಸಾಕು. ಮೇಲಾಗಿ ಆ ಸಾಫ್ಟ್‌ವೇರ್ ಒಬ್ಬರ ದನಿಯನ್ನು ಎತ್ತಿ ಉಳಿದವರದನ್ನು ತಗ್ಗಿಸುತ್ತದೆ, ಸಭೆಗಾಗಿ ಮಾಡಿದ್ದಲ್ಲವೇ. ಕೊನೆಗೆ ಚಿಕ್ಕಪ್ಪ ಒಬ್ಬರೇ ಹಾಡುವುದು, ಮಿಕ್ಕವರು ಮ್ಯೂಟ್ ಮಾಡಿಕೊಂಡು ತಮ್ಮ ಮನೆಯಲ್ಲಿ ತಾವು ಹಾಡುವುದು ಎಂದಾಯಿತು. ಇಪ್ಪತ್ತು ಜನ ಬಾಯಿ ಆಡಿಸುವುದು ಕಾಣುತ್ತದೆ, ಕೇಳುವುದು ಒಂದೇ ಗಂಟಲು. ಕೂಡಿ ಹಾಡಿ ಎಂಬ ಕ್ರೌಚ್ ಅವರ ಒಂಬತ್ತನೆಯ ನಿಯಮ ಇಲ್ಲಿ ನಮಗೆ ಬಹಳ ಸರಿ. ಆದರೆ ಅವರು ದೂರುವುದು ರೆಕಾರ್ಡಾದ, ಮೈಕಿನಲ್ಲಿ ಹಿಗ್ಗಿಸಿದ ಸಂಗೀತವನ್ನು. ದೂರವೇ ಹಾಡನ್ನು ಮುರಿಯುವುದು ಅವರ ಲೆಕ್ಕದಲ್ಲಿಲ್ಲ.

ಕ್ಯಾರೊಲಿನಾ, ಜಾರ್ಜಿಯಾದವರಿಗೆ ದೂರದಿಂದ ಬರುವ ಆರಾಧನೆ ಹೊಸದಲ್ಲ ಎಂಬುದನ್ನೂ ನೆನೆಯಬೇಕು. ಷಾರ್ಲಟ್‌ನಲ್ಲಿ ಹುಟ್ಟಿದ ಬಿಲ್ಲಿ ಗ್ರಹಾಂ ಅವರ ‘ಅವರ್ ಆಫ್ ಡಿಸಿಶನ್’ ರೇಡಿಯೊ ಕಾರ್ಯಕ್ರಮ 1950ರ ನವೆಂಬರಿನಲ್ಲಿ ಮೊದಲು ಪ್ರಸಾರವಾದದ್ದು ಅಟ್ಲಾಂಟಾದಿಂದ. ಷಾರ್ಲಟ್ ಸುತ್ತಿನಿಂದಲೇ ಜಿಮ್ ಬೇಕರ್ ಅವರ ಪಿಟಿಎಲ್ ಟಿವಿ ಸಾಮ್ರಾಜ್ಯವೂ ಬೆಳೆದು 1987ರ ಹಗರಣದಲ್ಲಿ ಕುಸಿಯಿತು. ಅಮೆರಿಕನ್ ಕ್ರೈಸ್ತರು ಮಾಧ್ಯಮದ ಬಗ್ಗೆ ಬರೆಯುವಾಗ ಈ ಪ್ರಸಾರದ ಅನುಭವ ಹಿನ್ನೆಲೆಯಲ್ಲಿರುತ್ತದೆ: ಒಬ್ಬ ಹೇಳುತ್ತಾನೆ, ಲಕ್ಷ ಜನ ಸೋಫಾದಲ್ಲಿ ಕೂತು ಕೇಳುತ್ತಾರೆ. ಅವರ ಹೆದರಿಕೆ ಮನೆಯವರು ಬರೀ ನೋಡುಗರಾಗಿಬಿಡುತ್ತಾರೆ ಎಂದು. ನಾವು ಸ್ಕ್ರೀನಿನ ಮುಂದೆ ಕೂರುವುದು ಉತ್ತರ ಕೊಡುವುದಕ್ಕೆ.

ಆ್ಯಪ್‌ಗಳ ವಿಷಯಕ್ಕೆ ಬಂದರೆ, ಒಕ್ಲಹೋಮಾದ ಒಂದು ಚರ್ಚು 2008ರಲ್ಲಿ ಹೊರತಂದ ಯುವರ್ಶನ್ ಬೈಬಲ್ ಆ್ಯಪ್ ನಮ್ಮ ಪರಿಚಯದ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿದೆ. ಕನ್ನಡ ಬೈಬಲ್ ಅದರಲ್ಲಿ ಪುಕ್ಕಟೆ ಸಿಗುತ್ತದೆ. 1831ರಲ್ಲಿ ಮೊದಲ ಪೂರ್ಣ ಕನ್ನಡ ಬೈಬಲ್ ಅಚ್ಚಾಗಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ದುಡಿದದ್ದನ್ನು ನೆನೆದರೆ ಇದು ಸಣ್ಣ ಉಪಕಾರವಲ್ಲ. ಆದರೆ ಆ ಆ್ಯಪ್ ಮಾತಾಡಿಸುವುದು ಒಬ್ಬೊಬ್ಬರನ್ನೇ. ನನ್ನ ಓದಿನ ಯೋಜನೆ, ನನ್ನ ಗುರುತು ಹಾಕಿದ ವಚನ, ನಾನು ಸತತವಾಗಿ ಓದಿದ ದಿನಗಳ ಲೆಕ್ಕ. ಮನೆ ಎಂಬ ಘಟಕ ಅದಕ್ಕೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ನಾಲ್ವರ ಕೈಯಲ್ಲಿ ನಾಲ್ಕು ಬೈಬಲ್: ನನ್ನದು ಕನ್ನಡ, ಗಂಡನದು ಕೊಂಕಣಿ, ಮಕ್ಕಳದು ಎರಡು ಬೇರೆ ಬೇರೆ ಇಂಗ್ಲಿಷ್ ಅನುವಾದ. ಮಗಳು ಇಯರ್‌ಫೋನಿನಲ್ಲಿ ಕೇಳುತ್ತಾಳೆ. ನಾಲ್ವರೂ ಭಕ್ತರೇ. ನನ್ನ ಅಜ್ಜ ಗಟ್ಟಿಯಾಗಿ ಓದುತ್ತಿದ್ದಾಗ ಕೇಳಲು ಮನಸ್ಸಿಲ್ಲದವರ ಕಿವಿಗೂ ಕನ್ನಡ ಬೀಳುತ್ತಿತ್ತು, ಅಡುಗೆಮನೆಯಲ್ಲಿದ್ದವರಿಗೂ. ನನಗೆ ಬರುವ ಕನ್ನಡದ ಅರ್ಧ ಹಾಗೆ ಬಿಟ್ಟಿಯಾಗಿ ಬಂದದ್ದು. ಮೂವತ್ತು ನಿಮಿಷ ಇಯರ್‌ಫೋನಿನಲ್ಲಿ ಬೈಬಲ್ ಕೇಳುವ ಮಗುವನ್ನು ಯಾವ ಸಲಹಾಪತ್ರವೂ ಗದರುವುದಿಲ್ಲ. ನಷ್ಟ ಆಗುತ್ತಿರುವುದು ಅಲ್ಲೇ ಎಂದು ನನ್ನ ವಾದ.

ಕೊನೆಗೆ ಆ ಹತ್ತನೆಯ ನಿಯಮ. ನನ್ನ ಮಾವ ತೀರಿಕೊಂಡದ್ದು 2021ರ ಜನವರಿಯಲ್ಲಿ. ನನ್ನ ಗಂಡ ಹೋಗಿದ್ದರೆ ವೀಸಾ ಮುದ್ರೆ ಸಿಗದೆ ಅಲ್ಲೇ ತಿಂಗಳುಗಟ್ಟಲೆ ಉಳಿಯಬೇಕಾಗುತ್ತಿತ್ತು, ಕೆಲಸವೂ ಹೋಗುತ್ತಿತ್ತು. ಸಂಜೆ ನಾಲ್ಕಕ್ಕೆ ಶವಸಂಸ್ಕಾರ, ಅಂದರೆ ನಮ್ಮಲ್ಲಿ ಬೆಳಗಿನ ಐದೂವರೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ ಎದ್ದು ನಿಂತರು, ಕೂರಲಿಲ್ಲ. ಕ್ಯಾಮರಾದವನು ಹೂಗಳನ್ನು ಚೆನ್ನಾಗಿ ತೋರಿಸಿದ. ನಡುವೆ ಒಂದು ಜಾಹೀರಾತು ಬಂತು. ಕೆಳಗೆ ಬಹರೈನ್‌ನಿಂದ, ಮೆಲ್ಬರ್ನ್‌ನಿಂದ ಸಂತಾಪದ ಸಾಲುಗಳು ಓಡುತ್ತಿದ್ದವು. ಗುಂಡಿಗೆ ಇಳಿಸಿದ ಮೇಲೆ ಒಬ್ಬೊಬ್ಬರೂ ಹಿಡಿಮಣ್ಣು ಹಾಕುತ್ತಾರಲ್ಲ, ಆಗ ನನ್ನ ಗಂಡನ ಬಲಗೈ ಮುಷ್ಟಿಯಾಗಿತ್ತು. ಅದರಲ್ಲಿ ಏನೂ ಇರಲಿಲ್ಲ.

ಖುದ್ದಾಗಿ ಹೋಗಿ ಎನ್ನುವ ಕ್ರೌಚ್ ಅವರ ಮಾತಿನ ಸತ್ಯ ನನಗೆ ಆ ಮುಷ್ಟಿಯಲ್ಲಿ ಕಂಡಿತು. ವ್ಯಾಟಿಕನ್ 2002ರಲ್ಲಿ ಇಂಟರ್‌ನೆಟ್ ಕುರಿತು ಪ್ರಕಟಿಸಿದ ದಾಖಲೆ ಕೂಡ ಇದನ್ನೇ ಹೇಳುತ್ತದೆ: ಜಾಲದ ಮೇಲೆ ಸಂಸ್ಕಾರಗಳಿಲ್ಲ, ಅಲ್ಲಿನ ಅನುಭವ ನಿಜವಾದ ಸಮುದಾಯಕ್ಕೆ ಬದಲಿಯಾಗದು. ಒಪ್ಪಿದೆ. ಆದರೆ ಆ ಬೆಳಿಗ್ಗೆ ನಮ್ಮ ಮುಂದಿದ್ದ ಆಯ್ಕೆ ‘ಹೋಗುವುದೋ, ನೋಡುವುದೋ’ ಎಂಬುದಾಗಿರಲಿಲ್ಲ. ‘ನೋಡುವುದೋ, ಏನೂ ಇಲ್ಲವೋ’ ಎಂಬುದಾಗಿತ್ತು. ಮಾವನ ಅಣ್ಣ ಕೊಲ್ಲಿಯಲ್ಲಿದ್ದಾಗ ಅವರ ತಾಯಿ ಸತ್ತ ಸುದ್ದಿ ಟೆಲಿಗ್ರಾಂನಲ್ಲಿ ತಲುಪಿತ್ತು, ಮಣ್ಣಾಗಿ ಎರಡು ದಿನದ ಮೇಲೆ. ಅದಕ್ಕಿಂತ ಈ ಲ್ಯಾಪ್‌ಟಾಪ್ ಮೇಲು ಎಂದು ನನ್ನ ಗಂಡ ಹೇಳುತ್ತಾರೆ. ಅವರ ಮಾತಿನ ಮೇಲೆ ನಾನು ಮಾತಾಡುವುದಿಲ್ಲ.

ನನಗೆ ಹೆಚ್ಚು ಆತಂಕ ತರುವುದು ಆಮೇಲಿನ ವರ್ಷಗಳು. ಈಗ ವಿಮಾನಗಳಿವೆ, ಹಲವರ ಕೈಯಲ್ಲಿ ಗ್ರೀನ್ ಕಾರ್ಡು ಇದೆ, ಪೌರತ್ವವೂ ಇದೆ. ಆದರೂ ಮದುವೆಯ ರೋಸ್ ಶಾಸ್ತ್ರಕ್ಕೆ, ಚಿಕ್ಕಪ್ಪನ ಮಣ್ಣಿಗೆ, ‘ಲೈವ್ ಇದೆಯಲ್ಲ’ ಎನ್ನುವ ಮಾತು ಕೇಳುತ್ತಿದ್ದೇನೆ. ಇಲ್ಲಿ ಮಡಿಯಾನು ಮತ್ತು ಮಿಲ್ಲರ್ ಅವರ ವಾದವನ್ನು ಒಂದು ಹೆಜ್ಜೆ ಮುಂದೆ ತರಬೇಕಾಗುತ್ತದೆ. ದಾರಿಗಳು ಹೆಚ್ಚಿದಾಗ ಯಾವುದನ್ನು ಆರಿಸಿದೆವು ಎಂಬುದು ನಡತೆಯ ಪ್ರಶ್ನೆ ಎಂದರು ಅವರು. ನಮ್ಮಲ್ಲಿ ಖುದ್ದಾಗಿ ಹೋಗುವುದೂ ಆ ದಾರಿಗಳ ಪಟ್ಟಿಯಲ್ಲಿ ಒಂದಾಗಿ ಕೂತಿದೆ, ಅತ್ಯಂತ ದುಬಾರಿಯದಾಗಿ. ಲೈವ್ ಬಂದದ್ದು ಹೋಗಲಾಗದವರಿಗಾಗಿ. ಹೋಗಬಲ್ಲವರು ಅದರ ನೆರಳಿನಲ್ಲಿ ನಿಂತುಕೊಂಡಿದ್ದಾರೆ.

ಅತ್ತೆಯ ಮನೆಯ ಶನಿವಾರದ ತೇರ್ಸ್ ಈಗಲೂ ನಡೆಯುತ್ತಿದೆ. ಹಾಡಿಗಾದ ಗತಿ ಅದಕ್ಕೆ ಆಗಲಿಲ್ಲ, ಯಾಕೆಂದರೆ ಅದರಲ್ಲಿ ಇಬ್ಬರೂ ಒಟ್ಟಿಗೆ ದನಿ ಎತ್ತಬೇಕಾಗಿಲ್ಲ, ಸರದಿಯಲ್ಲಿ ಎತ್ತಿದರೆ ಸಾಕು. ಅತ್ತೆ ಕೊಂಕಣಿಯಲ್ಲಿ ಮೊದಲರ್ಧ ಹೇಳುತ್ತಾರೆ. ಅಟ್ಲಾಂಟಾದ ಹುಡುಗರು ಮತ್ತು ನನ್ನ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಾರ್ಧ ಹೇಳುತ್ತಾರೆ. ಮೊದಮೊದಲು ಅತ್ತೆ ತಡೆಯದೆ ಮುಂದಿನ ಮಣಿಗೆ ಹೋಗಿಬಿಡುತ್ತಿದ್ದರು. ಈಗ ದನಿ ಬಂದು ಮುಟ್ಟುವ ತನಕ ಕಾಯುವುದನ್ನು ಕಲಿತಿದ್ದಾರೆ. ಐವತ್ತು ಮಣಿಗೂ ಹಾಗೆ ಕಾಯುವುದರಿಂದ ತೇರ್ಸ್ ಮೊದಲಿಗಿಂತ ಏಳೆಂಟು ನಿಮಿಷ ಉದ್ದವಾಗಿದೆ. ಮುಗಿದ ಮೇಲೆ ಮಕ್ಕಳು ಹಿರಿಯರಿಂದ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳಬೇಕು. ಆ ಒಂದು ಮಾತನ್ನು ಮಾತ್ರ ನಾಲ್ಕೂ ಮಕ್ಕಳು ಕೊಂಕಣಿಯಲ್ಲೇ ಹೇಳುತ್ತಾರೆ, ಕೈ ಮುಗಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು. ಆಗ ಯಾರ ದನಿ ಯಾವುದೆಂದು ಸಾಫ್ಟ್‌ವೇರಿಗೂ ತಿಳಿಯುವುದಿಲ್ಲ, ಅತ್ತೆಗೂ ತಿಳಿಯುವುದಿಲ್ಲ.